ಮಾದಕ ವಸ್ತು ಸೇವಿಸಿ ಸಿಕ್ಕಿಬಿದ್ದವರಿಗೆ ಜೈಲಿನ ಬದಲು ಚಿಕಿತ್ಸೆ: ಈಗಿನ ಕಾನೂನಿನಲ್ಲಿ ದಾರಿ ಎಷ್ಟು ಉಂಟು?

ಮಲ್ಪೆ_ಗಾಳಿ:
ಉಡುಪಿಯ ನಮ್ಮ ಪೋಷಕರ ಬಳಗದಿಂದ ಸಂಸದರಿಗೆ ಒಂದು ಮನವಿ ಹೋಗಲಿಕ್ಕುಂಟು. ಮಾದಕ ವಸ್ತು ಮಾರುವವನನ್ನು ಹಿಡಿಯಿರಿ, ಬರೀ ಸೇವಿಸಿದವನನ್ನು ಆಸ್ಪತ್ರೆಗೆ ಕಳಿಸಿ ಅಂತ. ಒಬ್ಬರು "ಅದು ಆಗಲೇ ಉಂಟಲ್ಲ ಮಾರಾಯ್ರೆ, ಮಾದಕ ವಸ್ತು ಕಾಯ್ದೆಯ ಸೆಕ್ಷನ್ 64ಎ ನೋಡಿ" ಅಂದರು. ಹಾಗಾದರೆ ಇನ್ನು ಕೇಳುವುದು ಎಂತ? ತೊಡಕು ಎಲ್ಲಿ?

ಕರಂಗಲ್ಪಾಡಿ_ಕಪ್ಪುಕೋಟು:
ಉಂಟು, ಆದರೆ ಯಾರಿಗೆ ಅಂತ ನೋಡಿ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ ಸೆಕ್ಷನ್ 27ರಲ್ಲಿ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್ ಆದರೆ 1 ವರ್ಷದವರೆಗೆ ಸಜೆ ಅಥವಾ 20,000 ರೂ.ವರೆಗೆ ದಂಡ ಅಥವಾ ಎರಡೂ. ಗಾಂಜಾಕ್ಕೆ 6 ತಿಂಗಳು, 10,000. 64ಎ ಪ್ರಕಾರ ಸೆಕ್ಷನ್ 27ರ ಅಥವಾ ಅಲ್ಪ ಪ್ರಮಾಣದ ಕೇಸಿರುವ 'ವ್ಯಸನಿ' ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ಕೇಸಿನಿಂದ ವಿನಾಯಿತಿ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು.

ವ್ಯಸನಿ ಅಂದರೆ ಕಾಯ್ದೆಯ ಅರ್ಥದಲ್ಲಿ ಅವಲಂಬನೆ ಬೆಳೆದವನು. ಹಾಸ್ಟೆಲಿನಲ್ಲಿ ಎರಡು ಸಲ ಸೇದಿದ ಹುಡುಗ ಅದರೊಳಗೆ ಬರುವುದಿಲ್ಲ. ದಿನಾ ಸೇದುವವನಿಗೆ ದಾರಿ ಉಂಟು, ಎರಡೇ ಸಲ ಸೇದಿದವನಿಗೆ ಇಲ್ಲ! ಸೆಕ್ಷನ್ 39ರಲ್ಲಿ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು, 1 ವರ್ಷದೊಳಗೆ ವರದಿ ಒಪ್ಪಿಸಬೇಕು. ಅದೂ ವ್ಯಸನಿಗೇ, ಅದೂ ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ. ಗಲ್ಫಿಗೆ ಹೊರಟವನಿಗೆ ಅಷ್ಟು ಹೊತ್ತಿಗೆ ಆಗುವ ನಷ್ಟ ಆಗಿಹೋಗಿರುತ್ತದೆ.

ವಾರ್ಡ್_ಡ್ಯೂಟಿ:
ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಸರ್ಕಾರಿ ಆಸ್ಪತ್ರೆಗಳು, ಮಾನ್ಯತೆಯ ತಕರಾರಿಲ್ಲ. ಖಾಸಗಿ ಕೇಂದ್ರವಾದರೆ ಮಾನ್ಯತೆ ಪತ್ರದ ಪ್ರತಿ ಮೊದಲೇ ಕೇಳಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ 'ಗಾಂಜಾ ಸೇವನೆ' ಅಂತಿದ್ದರೆ ವಕೀಲರಿಗೆ ಪ್ರಯೋಜನ ಇಲ್ಲ. ಐಸಿಡಿ-10 ಅನ್ನುವ ರೋಗಗಳ ಸಂಕೇತಪಟ್ಟಿಯಲ್ಲಿ ಎಫ್12.1 ಹಾನಿಕರ ಬಳಕೆ, ಎಫ್12.2 ಅವಲಂಬನೆ. ಎರಡನೆಯದಕ್ಕೆ ಆರು ಲಕ್ಷಣಗಳಲ್ಲಿ ಕನಿಷ್ಠ ಮೂರು ಒಂದು ವರ್ಷದೊಳಗೆ ಕಂಡಿರಬೇಕು. ಕೇಸಿಗೆ ಅನುಕೂಲ ಅಂತ 12.1 ಅನ್ನು 12.2 ಮಾಡಿಸಲಿಕ್ಕೆ ಹೋಗಬೇಡಿ, ಆ ಹಣೆಪಟ್ಟಿ ಕಡತದಲ್ಲಿ ಉಳಿಯುತ್ತದೆ.

64ಎ ಕೇಳುವ 'ಪೂರ್ಣ ಚಿಕಿತ್ಸೆ' ಅನ್ನುವ ಪದವೂ ತೊಡಕಿನದ್ದೇ. ಹೆರಾಯಿನ್ ಬಿಡಿಸಲು ಬುಪ್ರೆನಾರ್ಫಿನ್ ಮಾತ್ರೆ ನಾಲಿಗೆ ಅಡಿಗೆ ಇಡುತ್ತಾರೆ. ಕೊನೆಯ ಸಲ ಹೆರಾಯಿನ್ ತೆಗೆದುಕೊಂಡು 12 ಗಂಟೆಯಾದರೂ ಕಳೆದು, ಆಕಳಿಕೆ, ಮೂಗು ಸೋರುವುದು ಶುರುವಾಗಬೇಕು. ಅವಸರದಲ್ಲಿ ಕೊಟ್ಟರೆ ಒಮ್ಮೆಲೇ ನರಳಾಟ, ರೋಗಿ ಮರುದಿನ ಈ ಕಡೆ ತಲೆ ಹಾಕುವುದಿಲ್ಲ. ಈ ಮಾತ್ರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಯಾವ ದಿನ 'ಪೂರ್ಣ' ಅಂತ ಬರೆಯುವುದು?

ಮಾದಕ ವಸ್ತು ಪತ್ತೆಯ ಮೂತ್ರಪರೀಕ್ಷೆ ಕಾರ್ಡನ್ನೂ ತಪ್ಪು ಓದುವವರಿದ್ದಾರೆ. ಸಿ (ಕಂಟ್ರೋಲ್) ಗೆರೆ ಮಾತ್ರ ಮೂಡಿದರೆ ಪಾಸಿಟಿವ್, ಸಿ ಜೊತೆ ಟಿ (ಟೆಸ್ಟ್) ಗೆರೆಯೂ ಇದ್ದರೆ ನೆಗೆಟಿವ್. ಗರ್ಭಪರೀಕ್ಷೆಯ ಕಾರ್ಡಿಗೆ ಉಲ್ಟಾ. ಟಿ ಎಷ್ಟು ಮಸುಕಾದರೂ ನೆಗೆಟಿವೇ. ದಿನಾ ಗಾಂಜಾ ಸೇದುತ್ತಿದ್ದವನು ಬಿಟ್ಟು ಮೂರು ವಾರವಾದರೂ ಪಾಸಿಟಿವ್ ಬರಬಹುದು, ಮತ್ತೆ ಶುರು ಮಾಡಿದ್ದಾನೆ ಅಂತಲ್ಲ.

ಪಣಂಬೂರು_ಪಡುವಣ:
ತೂಕದ ಲೆಕ್ಕವನ್ನೂ ಮನವಿಗೆ ಸೇರಿಸಿ. ಅಲ್ಪ ಪ್ರಮಾಣದ ಮಿತಿ ಗಾಂಜಾಕ್ಕೆ 1 ಕಿಲೋ, ಹೆರಾಯಿನ್‌ಗೆ 5 ಗ್ರಾಂ, ಎಂಡಿಎಂಎ ಅನ್ನುವ ರಾಸಾಯನಿಕ ಮಾದಕಕ್ಕೆ ಬರೀ ಅರ್ಧ ಗ್ರಾಂ. ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪಿನಂತೆ ಬೆರಕೆ ಪುಡಿಯನ್ನೂ ಸೇರಿಸಿಯೇ ತೂಗಬೇಕು. ಒಳಗೆ ಮಾಲು ಚಿಟಿಕೆಯಷ್ಟೇ ಇದ್ದರೂ ಎಂಡಿಎಂಎ ಪೊಟ್ಟಣ ಅರ್ಧ ಗ್ರಾಂ ದಾಟಿದರೆ 64ಎ ಸಿಗಲಿಕ್ಕಿಲ್ಲ. ಪೋರ್ಚುಗಲ್ 2001ರಲ್ಲಿ ಮಾಡಿದ್ದು ಬೇರೆ: ಒಬ್ಬನ ಹತ್ತು ದಿನದ ಬಳಕೆಯಷ್ಟಿದ್ದರೆ ಕೋರ್ಟಿಲ್ಲ, ಮೂವರ ಸಮಿತಿಯ ಮುಂದೆ ಹೋಗಬೇಕು. ಮಾರಾಟ ಅಲ್ಲೂ ಅಪರಾಧವೇ.

ಮಲ್ಪೆ_ಗಾಳಿ:
ಕರಡು ಹೀಗೆ: ಸೆಕ್ಷನ್ 27 ಕೈಬಿಡಿ, 64ಎಯಲ್ಲಿ 'ವ್ಯಸನಿ' ಬದಲು 'ಸೇವಿಸಿದ ವ್ಯಕ್ತಿ' ಅಂತ ಮಾಡಿ. ಸಾಕಾ?

ಕರಂಗಲ್ಪಾಡಿ_ಕಪ್ಪುಕೋಟು:
ಸಾಲದು. 27 ಹೋದರೂ ಹತ್ತಿರ ಇಟ್ಟುಕೊಂಡದ್ದಕ್ಕೆ ಸೆಕ್ಷನ್ 20, 21, 22 ಹಾಗೇ ಉಳಿಯುತ್ತವೆ. ಅಲ್ಪ ಪ್ರಮಾಣದ ಗಾಂಜಾ ಇಟ್ಟುಕೊಂಡರೆ 1 ವರ್ಷದವರೆಗೆ ಸಜೆ, ಸೇದಿದ್ದಕ್ಕಿಂತ ಹೆಚ್ಚು. 'ಸ್ವಂತ ಬಳಕೆಗೆ ಇಟ್ಟುಕೊಂಡ ಅಲ್ಪ ಪ್ರಮಾಣ' ಅಂತ ಮೂರಕ್ಕೂ ಸೇರಿಸಿ. ಜೇಬಿನಲ್ಲಿ ಇಲ್ಲದೆ ಸೇದುವುದು ಹೇಗೆ ಹೇಳಿ?