ಮಳೆಗಾಲದಲ್ಲಿ ಹೀಟ್ ಪಂಪ್ ಐಸ್ ಕಟ್ಟಿ ನಿಲ್ಲುತ್ತಿದೆ, ಖಾನಾಪುರ ಕಡೆ (ಪರಿಹಾರ ಸಿಕ್ಕಿದೆ)

ಗುಡ್ಡದ ಮನೆ, ಖಾನಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ದಾರಿಯಲ್ಲಿದೆ. ಇಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ಸೋಲಾರ್ ನಂಬುವ ಹಾಗಿಲ್ಲ. ಹಂಡೆಗೆ ಹಾಕುವ ಕಟ್ಟಿಗೆಯೂ ಹಸಿ. ಅವ್ವನಿಗೆ ಮಂಡಿನೋವು, ದಿನಾ ಬಿಸಿನೀರು ಬೇಕೇ ಬೇಕು. ಅದಕ್ಕೆ ಈ ಬೇಸಿಗೆಯಲ್ಲಿ 200 ಲೀಟರ್‌ನ ಹೀಟ್ ಪಂಪ್ (ಗಾಳಿಯ ಶಾಖದಿಂದ ನೀರು ಕಾಯಿಸುವ ಮಷೀನ್) ಹಾಕಿಸಿದೆವು. ಟ್ಯಾಂಕ್ ಬಚ್ಚಲಿನ ಪಕ್ಕ ಒಳಗಿದೆ, ಫ್ಯಾನ್ ಇರುವ ಯೂನಿಟ್ ಹೊರಗೆ ಹಿತ್ತಲ ಗೋಡೆಗೆ ಇದೆ.

ಮೇ ತಿಂಗಳಲ್ಲಿ ಚೆನ್ನಾಗಿತ್ತು. ಮಳೆ ಶುರುವಾದ ಮೇಲೆ ಒಂದು ಗಂಟೆ ಓಡಿ ನಿಲ್ಲುತ್ತದೆ. ಡಿಸ್‌ಪ್ಲೇನಲ್ಲಿ ಲೋ ಪ್ರೆಶರ್ ಎರರ್ ಬರುತ್ತದೆ. ಹಿಂದೆ ನೋಡಿದರೆ ಕಾಯಿಲ್ (ಗ್ಯಾಸ್ ಸುತ್ತುವ ಪೈಪಿನ ಸುರುಳಿ) ಮೇಲೆ ಬಿಳಿ ಐಸ್! ರಿಪೇರಿಯವರು ಬಂದು ಗ್ಯಾಸ್ ಕಡಿಮೆ ಇದೆ ಎಂದು ಎರಡು ಸಲ ಗ್ಯಾಸ್ ತುಂಬಿದರು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ದಿನಕ್ಕೆ 8 ಯೂನಿಟ್ ಕರೆಂಟ್ ಹೋಗುತ್ತಿದೆ. ನಮ್ಮ ಕಡೆಯ ಥಂಡಿಗೆ ಈ ಮಷೀನ್ ಆಗುವುದಿಲ್ಲವೇ?

ಬೆಳಗಾವಿ ಫ್ರಿಜ್-ಎಸಿ ಕೆಲಸ

ಅಕ್ಕಾರೆ, ಇಲ್ಲಿಯ ಥಂಡಿಗೆ ಐಸ್ ಕಟ್ಟಬಾರದು. ಹೊರಗಿನ ಗಾಳಿ ಐದಾರು ಡಿಗ್ರಿಗೆ ಇಳಿದರೆ ಐಸ್ ಸಹಜ. ಮಳೆಗಾಲದಲ್ಲಿ ನಿಮ್ಮಲ್ಲಿ ರಾತ್ರಿ ಕೂಡ 20ರ ಆಸುಪಾಸು ಇರುತ್ತದೆ, ಅಲ್ವಾ? ಅಂದರೆ ಕಾಯಿಲ್‌ಗೆ ಗಾಳಿ ಸಿಗುತ್ತಿಲ್ಲ, ಇಲ್ಲವೇ ನಿಜವಾಗಿ ಗ್ಯಾಸ್ ಲೀಕ್ ಇದೆ. ಇನ್ನೊಮ್ಮೆ ಗ್ಯಾಸ್ ತುಂಬಿಸಬೇಡಿ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಪೈಪಿನಲ್ಲೇ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತು ಇರಲೇಬೇಕು. ಅದನ್ನು ಹುಡುಕದೆ ತುಂಬಿದರೆ ದುಡ್ಡೂ ಹಾಳು, ಗ್ಯಾಸ್ ಜಾಸ್ತಿಯಾಗಿ ಕಂಪ್ರೆಸರ್‌ಗೂ ಪೆಟ್ಟು.

ಒಂದು ಮಾತು ಹೇಳಿ. ಮಳೆ ಬಂದ ಮೇಲೆ ಯೂನಿಟ್‌ಗೆ ಏನಾದರೂ ಮುಚ್ಚಿದ್ದೀರಾ?

ಗುಡ್ಡದ ಮನೆ, ಖಾನಾಪುರ

ಹೌದು ಅಣ್ಣಾರೆ. ಅಷ್ಟು ದುಬಾರಿ ಮಷೀನ್ ನೆನೆಯಬಾರದು ಅಂತ ಮೂರು ಕಡೆ ತಗಡು, ಮೇಲೆ ತಗಡು ಹಾಕಿಸಿದ್ದೇವೆ. ಎದುರಿಗೆ ತಾಡಪತ್ರಿ ಇಳಿಬಿಟ್ಟಿದ್ದೇವೆ. ಗಾಳಿಮಳೆ ಓರೆಯಾಗಿ ಹೊಡೆಯುತ್ತದೆ.

ಬೆಳಗಾವಿ ಫ್ರಿಜ್-ಎಸಿ ಕೆಲಸ

ಸಿಕ್ಕಿತು ನೋಡಿ. ನಮ್ಮ ಘಟ್ಟದ ಕಡೆ ಮಳೆಗಾಲಕ್ಕೆ ಗೋಡೆಯಿಂದ ಹಿಡಿದು ಬಣವೆಯವರೆಗೆ ಎಲ್ಲಕ್ಕೂ ಮುಚ್ಚುತ್ತೇವೆ. ಹೀಟ್ ಪಂಪ್‌ಗೆ ಮಾತ್ರ ಅದು ಉಸಿರು ಕಟ್ಟಿಸಿದ ಹಾಗೆ.

ಈ ಮಷೀನ್ ಶಾಖವನ್ನು ಹುಟ್ಟಿಸುವುದಿಲ್ಲ, ಗಾಳಿಯಿಂದ ಕೀಳುತ್ತದೆ. ಹಿಂದಿನಿಂದ ಗಾಳಿ ಎಳೆದು, ಶಾಖ ತೆಗೆದುಕೊಂಡು, ತಣ್ಣಗಾದ ಗಾಳಿಯನ್ನು ಮುಂದೆ ಬಿಡುತ್ತದೆ. ನಿಮ್ಮ ಗೂಡಿನಲ್ಲಿ ಆ ತಣ್ಣನೆ ಗಾಳಿ ತಾಡಪತ್ರಿಗೆ ಬಡಿದು ವಾಪಸ್ ಹಿಂದಕ್ಕೆ ಬರುತ್ತದೆ. ಅದನ್ನೇ ಮತ್ತೆ ಎಳೆದು ಇನ್ನಷ್ಟು ತಣ್ಣಗೆ ಮಾಡುತ್ತದೆ. ಹೊರಗೆ 21 ಇದ್ದರೂ ಗೂಡಿನೊಳಗೆ 10ಕ್ಕಿಂತ ಕೆಳಗೆ ಇಳಿಯಬಹುದು. ಕಾಯಿಲ್ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ, ಸೊನ್ನೆಗಿಂತ ಕೆಳಗಿಳಿದರೆ ಐಸ್. ಐಸ್ ಕಟ್ಟಿದರೆ ಗಾಳಿ ಇನ್ನೂ ಕಡಿಮೆ. ಗ್ಯಾಸಿನ ಪ್ರೆಶರ್ ಬಿದ್ದು ಮಷೀನ್ ತಾನೇ ನಿಲ್ಲುತ್ತದೆ. ಆಮೇಲೆ ಟ್ಯಾಂಕಿನೊಳಗಿನ ಕರೆಂಟ್ ಹೀಟರ್ ಶುರುವಾಗಿ ಗೀಸರ್ ಥರ ಕರೆಂಟ್ ತಿನ್ನುತ್ತದೆ. ನಿಮ್ಮ 8 ಯೂನಿಟ್ ಅಲ್ಲಿಗೇ ಹೋಗುತ್ತಿದೆ. 200 ಲೀಟರ್ ನೀರನ್ನು 22ರಿಂದ 55 ಡಿಗ್ರಿಗೆ ಏರಿಸಲು ಸುಮಾರು 7.7 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಸರಿ ಓಡಿದರೆ ಅದರ ಮೂರನೇ ಒಂದು ಭಾಗ ಕರೆಂಟ್ ಸಾಕು.

ಸುಮ್ನೆ ನನ್ನ ಮಾತು ನಂಬಬೇಡಿ. ಒಂದು ಥರ್ಮಾಮೀಟರ್ ತಂದು ಅರ್ಧ ಗಂಟೆ ಓಡಿದ ಮೇಲೆ ಯೂನಿಟ್ ಹಿಂದೆ ಒಮ್ಮೆ, ಅಂಗಳದಲ್ಲಿ ಒಮ್ಮೆ ನೋಡಿ. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು.

ಕಾರವಾರದಲ್ಲೊಂದು ಮನೆ

ಮಧ್ಯೆ ಒಂದು ಮಾತು. ಮಳೆ ನೀರು ಕಾಯಿಲ್ ಮೇಲೆ ಬಿದ್ದರೆ ಏನೂ ಆಗುವುದಿಲ್ಲ, ಹೊರಗಿಡಲೆಂದೇ ಮಾಡಿದ ಯೂನಿಟ್ ಅದು. ನಮಗೆ ಕಾಟ ಕೊಟ್ಟಿದ್ದು ಸಮುದ್ರದ ಉಪ್ಪು. ಕಾಯಿಲ್ ಮೇಲಿನ ಅಲ್ಯೂಮಿನಿಯಂ ಫಿನ್ಸ್ (ತೆಳು ಪಟ್ಟಿಗಳು) ಪುಡಿ ಪುಡಿ ಆಗಿತ್ತು. ಈಗ ಕೋಟಿಂಗ್ ಇರುವ ಕಾಯಿಲ್ ಹಾಕಿಸಿ, ಮಳೆ ಇಲ್ಲದ ತಿಂಗಳುಗಳಲ್ಲಿ ಸಿಹಿನೀರಿನಿಂದ ಮೆಲ್ಲಗೆ ತೊಳೆಯುತ್ತೇವೆ. ಪ್ರೆಶರ್ ಪಂಪ್ ಹಿಡಿಯಬೇಡಿ, ಫಿನ್ಸ್ ಮಡಚಿಕೊಳ್ಳುತ್ತವೆ. ಕಣಕುಂಬಿ ಸಮುದ್ರದಿಂದ ದೂರ, ಘಟ್ಟದ ಮೇಲೆ. ನಿಮಗೆ ಉಪ್ಪಿನ ಚಿಂತೆ ಇಷ್ಟಿಲ್ಲ.

ಗುಡ್ಡದ ಮನೆ, ಖಾನಾಪುರ

ನೋಡಿದೆ. ಅಂಗಳದಲ್ಲಿ 21, ಗೂಡಿನೊಳಗೆ 9! ತಾಡಪತ್ರಿ, ಪಕ್ಕದ ತಗಡು ಎಲ್ಲ ಕಿತ್ತು ಹಾಕಿದೆವು. ಐಸ್ ಕರಗಿತು. ಎರಡು ದಿನದಿಂದ ಲೋ ಪ್ರೆಶರ್ ಎರರ್ ಇಲ್ಲ. ಆದರೆ ಈಗ ಜೋರು ಮಳೆ ಬಂದಾಗ ಬೋರ್ಡಿನಲ್ಲಿ ಕರೆಂಟ್ ಲೀಕ್ ಆದರೆ ತಾನೇ ಬೀಳುವ ಸ್ವಿಚ್, ಅಂದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ. ಮತ್ತೆ, ಯೂನಿಟ್ ಕೆಳಗಿನಿಂದ ನೀರು ಸುರಿಯುತ್ತಿದೆ. ತಗಡು ತೆಗೆದಿದ್ದು ತಪ್ಪಾಯಿತಾ?

ಬೆಳಗಾವಿ ಫ್ರಿಜ್-ಎಸಿ ಕೆಲಸ

ಕೆಳಗಿನ ನೀರು ಒಳ್ಳೆಯ ಸುದ್ದಿ. ತಣ್ಣನೆ ಚೊಂಬಿನ ಹೊರಗೆ ಬೆವರು ಬರುವಂತೆ ಗಾಳಿಯ ಪಸೆ ಕಾಯಿಲ್ ಮೇಲೆ ನೀರಾಗುತ್ತದೆ. ಹಾಗೆ ನೀರಾಗುವಾಗ ಅದು ಶಾಖ ಬಿಟ್ಟುಕೊಡುತ್ತದೆ, ಲೀಟರಿಗೆ ಸುಮಾರು 0.68 ಯೂನಿಟ್. ಅದೂ ನಿಮ್ಮ ಟ್ಯಾಂಕಿಗೇ ಬರುತ್ತದೆ. ಪಸೆ ಗಾಳಿ ಈ ಮಷೀನಿಗೆ ಊಟ ಇದ್ದ ಹಾಗೆ, ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ. ಡ್ರೇನ್ ಪೈಪ್ ಇಳಿಜಾರಾಗಿ ಚರಂಡಿಯವರೆಗೆ ಒಯ್ಯಿರಿ, ಗೋಡೆಗೆ ಬಿಡಬೇಡಿ.

ಟ್ರಿಪ್ ಆಗುವುದು ಬೇರೆ ವಿಷಯ. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಎಲ್ಲೋ ಲೀಕ್ ಆಗುತ್ತಿದೆ ಎಂದರ್ಥ. ದಯವಿಟ್ಟು ಅದನ್ನು ಬೈಪಾಸ್ ಮಾಡಿಸಬೇಡಿ, ಬಚ್ಚಲಿನ ನೀರಿಗೆ ಸೇರಿದ ಮಷೀನ್ ಇದು. ಯೂನಿಟ್ ಪಕ್ಕದ ಗೋಡೆಯಲ್ಲಿ ಸ್ವಿಚ್ ಡಬ್ಬಿ ಇರುತ್ತದಲ್ಲ, ಅದಕ್ಕೆ ವೈರ್ ಮೇಲಿನಿಂದ ಬರುತ್ತಿದೆಯಾ ನೋಡಿ. ಮೇಲಿನಿಂದ ಬಂದರೆ ಮಳೆ ನೀರು ವೈರ್ ಹಿಡಿದೇ ಒಳಗೆ ಇಳಿಯುತ್ತದೆ. ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಲೇ ತೆಗೆಸಿ. ಡಬ್ಬಿ ಒಣಗಿದ್ದರೆ ಟ್ಯಾಂಕಿನ ಹೀಟರ್ ವೈರ್ ಬಿಡಿಸಿ ಓಡಿಸಲಿ. ಆಗ ಟ್ರಿಪ್ ನಿಂತರೆ ಹೀಟರ್ ಕೆಟ್ಟಿದೆ.

ಬಾಗಲಕೋಟೆ ಬೋರ್‌ವೆಲ್

ಹೀಟರ್ ಬಿಚ್ಚಿದರೆ ಟ್ಯಾಂಕಿನ ಆನೋಡ್ ರಾಡ್ (ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಲೋಹದ ಕಡ್ಡಿ) ಕೂಡ ನೋಡಿಸಿ. ನಮ್ಮ ಗಡಸು ನೀರಿಗೆ ಹೀಟರ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿ ಸೀಳಿತ್ತು, ಟ್ರಿಪ್‌ಗೆ ಅದೇ ಕಾರಣ.

ಗುಡ್ಡದ ಮನೆ, ಖಾನಾಪುರ

ಅಣ್ಣಾರೆ, ನೀವು ಹೇಳಿದ್ದೇ ಸರಿ. ಡಬ್ಬಿಯೊಳಗೆ ಅರ್ಧ ಲೋಟ ನೀರು, ಜೊತೆಗೆ ಇರುವೆ ಗೂಡು. ಟರ್ಮಿನಲ್ ಹಸಿರು ಹಿಡಿದಿತ್ತು. ಮಳೆಗೆ ತಡೆಯುವ ಡಬ್ಬಿ ಹಾಕಿಸಿ, ವೈರನ್ನು ಒಂದು ಗೇಣು ಕೆಳಗೆ ಬಳಸಿ ತಳದಿಂದ ಒಳಗೆ ತೆಗೆದುಕೊಂಡೆವು. ಹೀಟರ್ ಚೆನ್ನಾಗಿದೆ. ಮೇಲಿನ ತಗಡನ್ನು ಯೂನಿಟ್‌ಗಿಂತ ಎರಡು ಅಡಿ ಎತ್ತರಕ್ಕೆ ಏರಿಸಿದೆವು, ನಾಲ್ಕೂ ಕಡೆ ತೆರೆದಿದೆ. ಕೆಳಗೆ ಕಲ್ಲು ಕೊಟ್ಟು ಒಂದು ಅಡಿ ಎತ್ತರಿಸಿದೆವು. ಕೆಂಪು ಮಣ್ಣು ಸಿಡಿದು ಫಿನ್ಸ್ ಅರ್ಧ ಮುಚ್ಚಿಹೋಗಿದ್ದವು, ಅದನ್ನೂ ತೊಳೆದೆ.

ಇವತ್ತಿಗೆ ಆರು ದಿನ. ಮಳೆ ಬಿಟ್ಟಿಲ್ಲ, ಮಷೀನ್ ನಿಂತಿಲ್ಲ. ನಿನ್ನೆ ಮೀಟರ್ ನೋಡಿದೆ, 2.8 ಯೂನಿಟ್. ಬೆಳಿಗ್ಗೆ ಐದಕ್ಕೇ ಅವ್ವನಿಗೆ ಬಿಸಿನೀರು ಸಿಗುತ್ತಿದೆ.

ಬೆಳಗಾವಿ ಫ್ರಿಜ್-ಎಸಿ ಕೆಲಸ

ಬಹಳ ಸಂತೋಷ ಅಕ್ಕಾರೆ. ಒಂದು ಬಾಕಿ ಇದೆ. ಎರಡು ಸಲ ಸುಮ್ನೆ ತುಂಬಿದ ಗ್ಯಾಸ್ ಜಾಸ್ತಿಯಾಗಿರಬಹುದು. ಪೂರ್ತಿ ತೆಗೆದು, ಯೂನಿಟ್ ಮೇಲಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಕ ಹಾಕಿ ತುಂಬಿಸಿ. ಬೇಸಿಗೆ ಬರುವ ಮುಂಚೆ ಮಾಡಿಸಿಬಿಡಿ. ಸೆಕೆಯಲ್ಲಿ ಹೈ ಪ್ರೆಶರ್ ಎರರ್ ಬರುವುದು ತಪ್ಪುತ್ತದೆ.