ಸಹಾಯ ಬೇಕು: ಜೋತುಬಿದ್ದ ಕೆನ್ನೆಗೆ ಥ್ರೆಡ್ ಲಿಫ್ಟ್ ಮಾಡಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು, ವಯಸ್ಸು 53. ಶುಗರ್ ಬಂದ ಮೇಲೆ ಪಥ್ಯ ಮಾಡಿ 14 ಕಿಲೋ ಇಳಿಸಿದೆ. ಮೈ ಹಗುರಾಯಿತು, ಆದರೆ ಕೆನ್ನೆ ಜೋತುಬಿತ್ತು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಕಿವಿ ಹತ್ತಿರ ಎರಡು ಬೆರಳಿಟ್ಟು ಚರ್ಮ ಮೇಲಕ್ಕೆ ಎಳೆದು ನೋಡುತ್ತೇನೆ. ಬೆರಳು ತೆಗೆದರೆ ಮತ್ತೆ ಅದೇ ಮುಖ. "ಯಾಕಕ್ಕ, ಆರಾಮ ಇಲ್ಲೇನು?" ಅಂತ ಕೇಳುವವರೇ ಜಾಸ್ತಿ. ತುಂಬಾ ಬೇಜಾರಾಗುತ್ತದೆ.

ದೊಡ್ಡ ಆಪರೇಷನ್‌ಗೆ ನನಗೆ ಧೈರ್ಯವಿಲ್ಲ. ಬೆಳಗಾವಿಯ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಥ್ರೆಡ್ ಲಿಫ್ಟ್ ಮಾಡಿಸಿ ಅಂದರು. ಚರ್ಮದ ಕೆಳಗೆ ಪಿಡಿಒ ಎಂಬ ಆಪರೇಷನ್ ಹೊಲಿಗೆಯ ದಾರ ಹಾಕಿ ಎಳೆದು ನಿಲ್ಲಿಸುತ್ತಾರೆ, ಆ ದಾರ ಕೆಲವು ತಿಂಗಳಲ್ಲಿ ತಾನೇ ಕರಗುತ್ತದೆ. ಅವರು ಹೇಳಿದ ಇನ್ನೊಂದು ದಾರಿ ಹೈಫು, ಅದರಲ್ಲಿ ದಾರ ಇಲ್ಲ. ಅಲ್ಟ್ರಾಸೌಂಡ್ ಶಾಖದಿಂದ ಒಳಗೆ ಕೊಲಾಜನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಬೆಳೆಯಬೇಕು, ಫಲ ಕಾಣಲು 2-3 ತಿಂಗಳು ಬೇಕು. ದಾರ ಕರಗಿದ ಮೇಲೆ ಕೆನ್ನೆ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಿದರೆ ಸರಿಯಾಗಿ ಹೇಳಲಿಲ್ಲ, ಇವತ್ತೇ ಅಡ್ವಾನ್ಸ್ ಕಟ್ಟಿ ಅಂದರು. ಅದು ನನಗೆ ಹಿಡಿಸಲಿಲ್ಲ. ಎದ್ದು ಬಂದೆ.

ನನ್ನ ಹತ್ತಿರ ಇರುವುದು ಭಿಶಿ (ಚೀಟಿ) ಎತ್ತಿದ ದುಡ್ಡು. ಒಂದು ವರ್ಷದ ಸಂತೋಷಕ್ಕೆ ಅಷ್ಟೂ ಸುರಿಯಬೇಕಾ? ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ನೋವು, ಬಾವು ಎಷ್ಟು ದಿನ ಇತ್ತು? ಕೆನ್ನೆಯಲ್ಲಿ ಗುಳಿ ಬಿತ್ತಾ? ಶುಗರ್ ಇದ್ದವರು ಯಾರಾದರೂ ಮಾಡಿಸಿದ್ದರೆ ಅವರ ಅನುಭವ ನನಗೆ ಬಹಳ ಬೇಕು. ಗಾಯ ಬೇಗ ಮಾಯುವುದಿಲ್ಲ ಅನ್ನುವುದೇ ನನ್ನ ಭಯ. ಹುಬ್ಬಳ್ಳಿ, ಬೆಳಗಾವಿ ಕಡೆ ನಿಧಾನವಾಗಿ ಕೂರಿಸಿ ಮಾತಾಡುವ ಪ್ಲಾಸ್ಟಿಕ್ ಸರ್ಜನ್ ಗೊತ್ತಿದ್ದರೆ ಮೆಸೇಜ್ ಮಾಡಿ.