ಪದ ಬೇಕು (ಬೋರ್ಡಿಗೆ, ನಾಳೆ ಸಂಜೆಯೊಳಗೆ): ‘ಆಟಾಧಾರಿತ’, ‘ಮಕ್ಕಳ ಸಹಭಾಗಿತ್ವ’, ‘ಜೀವನ ಕೌಶಲ್ಯ’

ಇವರಿಂದ: ತರ್ಜುಮೆಗಾರ್ತಿ

ಗೆಳೆಯರೇ,

ಸಮುದಾಯದವರೇ ಸೇರಿ ನಡೆಸುವ ಮಕ್ಕಳ ಆಟದ ಕೇಂದ್ರವೊಂದಕ್ಕೆ ಕೈಪಿಡಿ ಅನುವಾದಿಸುತ್ತಿದ್ದೇನೆ. ಕೈಪಿಡಿಗೆ ಇನ್ನೂ ಹತ್ತು ದಿನಗಳಿವೆ. ಬೋರ್ಡಿಗೆ ಇಲ್ಲ, ಬರೆಯುವವರು ನಾಳೆ ಸಂಜೆ ಬಣ್ಣ ಹಿಡಿದುಕೊಂಡು ಬರುತ್ತಾರೆ. ನನ್ನ ಕೈಗೆ ಬಂದ ಕರಡು ಹೀಗಿದೆ: ‘ಆಟಾಧಾರಿತ ಸಮುದಾಯ ಶಿಕ್ಷಣದ ಮೂಲಕ ಮಕ್ಕಳ ಸಹಭಾಗಿತ್ವ ಹಾಗೂ ಜೀವನ ಕೌಶಲ್ಯಗಳ ಉತ್ತೇಜನ ಕೇಂದ್ರ’. ಒಂದೇ ಉಸಿರಿನಲ್ಲಿ ಓದಿ ನೋಡಿ.

‘ಸಹಭಾಗಿತ್ವ’ ಎಂದರೆ ನನಗೆ ಸೇತುವೆ ಕಟ್ಟುವ ಗುತ್ತಿಗೆ ನೆನಪಾಗುತ್ತದೆ. ‘ಪಾಲ್ಗೊಳ್ಳುವಿಕೆ’ ಎಂದು ಚೀಟಿಯಲ್ಲಿ ಬರೆದು ಒಂಬತ್ತು ವರ್ಷದ ಇಬ್ಬರಿಗೆ ತೋರಿಸಿದೆ. ಒಬ್ಬಳು ‘ಏನು ಹಂಚುತ್ತಾರೆ?’ ಎಂದು ಕೇಳಿದಳು. ಇನ್ನೊಬ್ಬ ‘ಳ್ಳು’ವಿನ ಹತ್ತಿರ ಎಡವಿ ಚೀಟಿಯನ್ನೇ ಹಿಂದಿರುಗಿಸಿದ. ಮೂರು ಪದಗಳಿಗೂ ಬದಲಿ ಸೂಚಿಸಿ. ಬೋರ್ಡು ಚಿಕ್ಕದು.

*

ಇವರಿಂದ: ಹಳೆಯ ಮೇಷ್ಟರು

‘ಆಟಾಧಾರಿತ’ ಅರಿಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬೇಡವೆಂದು ಏಳು ಶತಮಾನಗಳ ಮೇಲಾಯಿತು. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಅಂಟಿಸಿದ್ದು ಸಾಲದೆಂದು ಸವರ್ಣದೀರ್ಘ ಸಂಧಿಯನ್ನೂ ಮಾಡಿದ್ದಾರೆ. ‘ಕ್ರೀಡಾಧಾರಿತ’ ಎಂದು ತಿದ್ದಿಕೊಳ್ಳಿ.

‘ಕೌಶಲ’, ‘ಕೌಶಲ್ಯ’ ಎರಡೂ ಸಾಧುರೂಪಗಳು. ಬೋರ್ಡು ಚಿಕ್ಕದಾದರೆ ಯ ಒತ್ತನ್ನು ಬಿಡಿ. ಈ ಪದವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಅಂಗೈ ಕೊಯ್ದುಕೊಳ್ಳದೆ ಕುಶವನ್ನು, ಅಂದರೆ ದರ್ಭೆಯನ್ನು, ಕಿತ್ತು ತರಬಲ್ಲವನು ಕುಶಲ. ಕಾವ್ಯಮೀಮಾಂಸಕ ಮಮ್ಮಟ ರೂಢಿಲಕ್ಷಣೆಗೆ, ಅಂದರೆ ಮೂಲದ ಅರ್ಥ ಸರಿದು ಬಳಕೆಯ ಅರ್ಥ ನಿಲ್ಲುವುದಕ್ಕೆ, ಕೊಡುವ ಉದಾಹರಣೆಯೂ ಇದೇ. ಹುಲ್ಲಿನ ಅಂಚು ಹರಿತ, ಕೈ ಎಳೆಯದು, ಆದರೂ ಗಾಯವಾಗದೆ ಕೆಲಸ ಮುಗಿಯಬೇಕು. ಮಕ್ಕಳಿಗೆ ಕಲಿಸಬೇಕೆಂದಿರುವುದು ಇದನ್ನೇ ಅಲ್ಲವೆ? ಪದದೊಳಗೆ ಇಷ್ಟು ಒಳ್ಳೆಯ ಚಿತ್ರವಿರುವಾಗ ಬದಲಿ ಹುಡುಕುವುದು ಸೋಮಾರಿತನದ ಇನ್ನೊಂದು ರೂಪ.

*

ಇವರಿಂದ: ಅಚ್ಚಗನ್ನಡ

ಎಳೆಯರು ಓದುವ ಬೋರ್ಡಿಗೆ ದರ್ಭೆ ಏಕೆ? ಅವರೇನು ತಿಥಿಗೆ ಬರುತ್ತಿದ್ದಾರೆಯೆ?

ಆಟ + ಕಲಿಕೆ = ಆಟಗಲಿಕೆ. ಬಾಳು + ಚಳಕ = ಬಾಳ್ಚಳಕ. ಮುಗಿಯಿತು. ‘ಪಾಲ್ಗೊಳ್ಳು’ ಇರಲಿ, ಅದು ನಮ್ಮದೇ ಒಳ್ಳೆಯ ನುಡಿ. ಪಾಲನ್ನು ಕೊಳ್ಳುವುದು, ಅಂದರೆ ಪಡೆಯುವುದು. ಲ್ಯಾಟಿನ್ನಿನವರೂ ‘ಪಾಲು’, ‘ಹಿಡಿ’ ಎಂಬ ಎರಡು ನುಡಿಗಳನ್ನು ಸೇರಿಸಿಯೇ ತಮ್ಮ ಪಾರ್ಟಿಸಿಪೇಷನ್ ಕಟ್ಟಿಕೊಂಡರು. ‘ಭಾಗವಹಿಸು’ ಎಂಬುದನ್ನು ನೋಡಿ, ಅದರಲ್ಲಿ ಹೊರುವುದು ಮಾತ್ರ ಇದೆ. ಹೊರೆ ಹೊರಿಸುವವರಿಗೆ ಆ ನುಡಿ ಹಿತವಾಗಿ ಕೇಳಿಸುವುದು ಸಹಜ.

*

ಇವರಿಂದ: ಕರಡು ತಿದ್ದುವವ

ಇಪ್ಪತ್ತು ವರ್ಷ ಕರಡು ತಿದ್ದಿದ ಕೈಯಿಂದ ನಾಲ್ಕು ಮಾತು.

‘ಕ್ರೀಡೆ’ ಎಂದೊಡನೆ ಸೀಟಿ, ಪದಕ, ಅಂಕಪಟ್ಟಿ ಬಂದು ಕೂರುತ್ತವೆ. ಮರಳು ಗುಡ್ಡೆ ಮಾಡಿ ಅದನ್ನು ಮನೆ ಎಂದು ಕರೆಯುವ ಮಗು ಕ್ರೀಡಾಪಟು ಅಲ್ಲ. ಆದ್ದರಿಂದ ಮೇಷ್ಟರ ತಿದ್ದುಪಡಿ ವ್ಯಾಕರಣಕ್ಕೆ ಶುದ್ಧ, ಅರ್ಥಕ್ಕೆ ಸುಳ್ಳು. ಇನ್ನು ಅರಿಸಮಾಸವೆಂದು ಓಡಿಸುವುದಾದರೆ ಮೊದಲು ‘ಮಳೆಗಾಲ’ವನ್ನು ಓಡಿಸಿ. ಅದರಲ್ಲಿರುವ ಕಾಲ ಕನ್ನಡದ್ದಲ್ಲ.

‘ಆಟಗಲಿಕೆ’ ಅಚ್ಚಿನ ಮನೆಗೆ ಹೋದರೆ ‘ಆಟಗಳಿಕೆ’ ಆಗಿ ಹೊರಬರುತ್ತದೆ, ಬರೆದಿಟ್ಟುಕೊಳ್ಳಿ. ‘ಚಳಕ’ ಎಂಬುದು ನಮ್ಮ ಪತ್ರಿಕೆಗಳಲ್ಲಿ ಜೇಬುಗಳ್ಳರಿಗೆ ಮೀಸಲಾಗಿ ಬಹಳ ಕಾಲವಾಯಿತು. ‘ಕೈಚಳಕ’ ತೋರಿಸಿದವನನ್ನು ಮರುದಿನ ಬಂಧಿಸಿರುತ್ತಾರೆ. ಮಕ್ಕಳಿಗೆ ಬಾಳ್ಚಳಕ ಕಲಿಸುತ್ತೇವೆ ಎಂದು ಬೋರ್ಡು ಹಾಕಿದರೆ ಹೆತ್ತವರು ಬಾಗಿಲಲ್ಲೇ ನಿಲ್ಲುತ್ತಾರೆ.

*

ಇವರಿಂದ: ಅಚ್ಚಗನ್ನಡ

ಕಳ್ಳರು ಬಳಸಿದರೆಂದು ನುಡಿಯನ್ನು ಬಿಟ್ಟುಕೊಡುವುದು ಹೇಡಿತನ. ಇರಲಿ, ‘ಬದುಕಿನ ಕಸುಬು’ ಎನ್ನಿ. ಅಪ್ಪಟ ಕನ್ನಡ, ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ.

*

ಇವರಿಂದ: ಕರಡು ತಿದ್ದುವವ

ಕಸುಬು ಅರಬ್ಬಿ.

*

ಇವರಿಂದ: ಹಳೆಯ ಮೇಷ್ಟರು

ಹಿಂದಿನ ಪತ್ರ ಓದಿ ನಗು ತಡೆಯಲಾಗಲಿಲ್ಲ. ಸಂಸ್ಕೃತವನ್ನು ಮುಂಬಾಗಿಲಿನಿಂದ ಓಡಿಸಿದವರ ಹಿತ್ತಿಲಲ್ಲಿ ಅರಬ್ಬಿ ಕುಳಿತು ಊಟ ಮಾಡುತ್ತಿದೆ. ಮೇಲಾಗಿ ಕಸುಬು ಎಂದರೆ ಹೊಟ್ಟೆಪಾಡಿನ ಉದ್ಯೋಗ. ಕೇಂದ್ರದಲ್ಲಿ ಮಕ್ಕಳಿಗೆ ಬಡಗಿ ಕೆಲಸ ಕಲಿಸುತ್ತಾರೆಯೆ?

*

ಇವರಿಂದ: ಅಚ್ಚಗನ್ನಡ

ಅರಬ್ಬಿ ಮಾತು ಬಂದು ಕನ್ನಡದ ಬಾಯಿಗೆ ಒಗ್ಗಿಕೊಂಡಿತು, ಸೊಲ್ಲು ಬದಲಿಸಿಕೊಂಡಿತು. ನಿಮ್ಮ ಸಂಸ್ಕೃತ ಬಂದು ಕನ್ನಡದ ಬಾಯಿಯನ್ನೇ ತಿದ್ದಲು ಹೊರಟಿತು. ನನ್ನ ತಕರಾರು ಅಷ್ಟೇ.

(ತಕರಾರು ಎಲ್ಲಿಯದು ಎಂದು ಯಾರೂ ಬರೆಯಬೇಕಾಗಿಲ್ಲ. ಗೊತ್ತು.)

*

ಇವರಿಂದ: ಮಣ್ಣುಗಾಲು

ಎರಡರಲ್ಲೂ ನಾನು ಪಂಡಿತನಲ್ಲ. ಇಂಥ ಕೇಂದ್ರದಲ್ಲಿ ಮಕ್ಕಳ ಜೊತೆ ಹನ್ನೊಂದು ವರ್ಷ ಆಡಿದ್ದೇನೆ, ಅಷ್ಟೇ. ನೀವೆಲ್ಲ ಜಗಳವಾಡುತ್ತಿರುವ ಪದ ಮೂಲದಲ್ಲೇ ಇಲ್ಲವೆಂಬುದನ್ನು ಹೇಳಿಬಿಡುತ್ತೇನೆ.

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಒಪ್ಪಿಕೊಂಡದ್ದು 1989ರ ನವೆಂಬರ್ 20ರಂದು. ಮಕ್ಕಳ ಪಾರ್ಟಿಸಿಪೇಷನ್ ಎಂದು ಎಲ್ಲರೂ ಬೊಟ್ಟು ಮಾಡುವುದು ಅದರ 12ನೇ ವಿಧಿಗೆ. ಆ ವಿಧಿಯ ಪಠ್ಯದಲ್ಲಿ ಈ ಪದ ಇಲ್ಲ! ಅಲ್ಲಿರುವುದು ಇಷ್ಟು: ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗು ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅದನ್ನು ಮುಕ್ತವಾಗಿ ಹೇಳಬಹುದು, ವಯಸ್ಸು ಮತ್ತು ಪ್ರೌಢತೆಗೆ ತಕ್ಕಂತೆ ದೊಡ್ಡವರು ಅದಕ್ಕೆ ಬೆಲೆ ಕೊಡಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯವರು 2009ರಲ್ಲಿ ಬರೆದ ವಿವರಣೆಯಲ್ಲಿ ಈ ಮಾತನ್ನು ತಾವೇ ಒಪ್ಪಿಕೊಂಡಿದ್ದಾರೆ. ಆಮೇಲೆ ರೂಢಿಗೆ ಬಂದ ಹೆಸರಿಗೆ ನಾವು ತೂಕದ ನಾಮಪದ ಹುಡುಕುತ್ತ ಕುಳಿತಿದ್ದೇವೆ.

ಆಟದ ಹಕ್ಕು ಇರುವುದು 31ನೇ ವಿಧಿಯಲ್ಲಿ. ನಡುವೆ ಹದಿನೆಂಟು ವಿಧಿಗಳು. ಕನ್ನಡದಲ್ಲಿ ಇವೆರಡಕ್ಕೂ ಒಂದೇ ಧಾತು ಸಾಕು ಎಂಬುದು ಈ ಗುಂಪಿನಲ್ಲಿ ಯಾರಿಗೂ ಹೊಳೆಯದಿರುವುದು ಆಶ್ಚರ್ಯ: ಆಡು. ಚೆಂಡು ಆಡುತ್ತೇವೆ, ಮಾತು ಆಡುತ್ತೇವೆ. ಆಡುನುಡಿ, ಆಡಿದ ಮಾತು, ಒಡನಾಡಿ, ಎಲ್ಲವೂ ಅಲ್ಲಿಂದಲೇ. ಆಡುವ ಮಗು ಎಂದರೆ ಆಟವಾಡುವ ಮಗುವೂ ಹೌದು, ಬಾಯಿಬಿಟ್ಟು ಹೇಳುವ ಮಗುವೂ ಹೌದು.

ಕೌಶಲದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತನ್ನು ಪಟ್ಟಿ ಮಾಡಿತು. ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು, ಇತ್ಯಾದಿ. ಇವುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲು ಹೋಗಿ ನಾನು ಸೋತಿದ್ದೇನೆ. ಒಮ್ಮೆ ಮುಟ್ಟಾಟದ ಹೊತ್ತಿಗೆ ಹುಡುಗಿಯೊಬ್ಬಳು ಪಾದಕ್ಕೆ ಪಟ್ಟಿ ಕಟ್ಟಿಕೊಂಡು ಬಂದಳು. ‘ನೀನು ಕೂತು ಅಂಕ ಬರಿ’ ಎಂದ ಒಬ್ಬ. ಅವಳು ಒಪ್ಪಲಿಲ್ಲ. ಹತ್ತು ನಿಮಿಷ ಕಿತ್ತಾಡಿದರು, ಒಬ್ಬ ಅತ್ತ, ಇಬ್ಬರು ಆಟ ಬಿಟ್ಟು ಹೋಗಿ ಮತ್ತೆ ಬಂದರು. ಕೊನೆಗೆ ಎಲ್ಲರೂ ಒಂಟಿಕಾಲಿನಲ್ಲೇ ಕುಂಟಬೇಕೆಂದು ನಿಯಮ ಬದಲಾಯಿತು. ಅವಳು ಬೆಳಗಿನಿಂದ ಕುಂಟಿ ಪಳಗಿದ್ದಳು, ಎಲ್ಲರನ್ನೂ ಮುಟ್ಟಿದಳು. ಹತ್ತರಲ್ಲಿ ಐದಾರು ಕೌಶಲಗಳು ಒಂದೇ ಜಗಳದಲ್ಲಿ ಮುಗಿದವು. ನಾನು ಮಾಡಿದ ಕೆಲಸವೆಂದರೆ ಬಾಯಿ ಮುಚ್ಚಿಕೊಂಡಿದ್ದದ್ದು.

ಇನ್ನೊಂದು ಮಾತು, ತರ್ಜುಮೆಗಾರ್ತಿಯವರಿಗೆ. ಕೈಪಿಡಿಯಲ್ಲಿ ರೋಜರ್ ಹಾರ್ಟ್ ಅವರ ಏಣಿ, ಅಂದರೆ ಮಕ್ಕಳ ಪಾರ್ಟಿಸಿಪೇಷನ್ ಎಷ್ಟು ನಿಜವೆಂದು ಅಳೆಯುವ ಚಿತ್ರ, ಇದ್ದೇ ಇರುತ್ತದೆ. 1992ರದು, ಎಂಟು ಮೆಟ್ಟಿಲು. ಕೆಳಗಿನ ಮೂರನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕರೆಯುವುದು. ನಿಮ್ಮ ಕನ್ನಡ ಪದ ಈ ಮೂರಕ್ಕೂ ಸಲೀಸಾಗಿ ಒಗ್ಗುವಂತಿದ್ದರೆ ಅದು ತಪ್ಪು ಪದ. ಬಣ್ಣದ ಬಟ್ಟೆ ತೊಟ್ಟು ವೇದಿಕೆಯ ಮೇಲೆ ಹೂಗುಚ್ಛ ಹಿಡಿದು ನಿಂತ ಮಗುವೂ ಕಾರ್ಯಕ್ರಮದಲ್ಲಿ ‘ಭಾಗವಹಿಸಿ’ರುತ್ತದೆ. ‘ಪಾಲ್ಗೊಂಡಿ’ರುತ್ತದೆ ಕೂಡ.

*

ಇವರಿಂದ: ಕರಡು ತಿದ್ದುವವ

ಒಪ್ಪಿದೆ. ಆದರೆ ಬೋರ್ಡಿನ ಮೇಲೆ ‘ಆಡು’ ಎಂದಷ್ಟೇ ಬರೆದರೆ ಪಕ್ಕದಲ್ಲಿ ಮೇಕೆಯ ಚಿತ್ರ ಬರೆದುಬಿಡುತ್ತಾರೆ. ಆಡು ಮುಟ್ಟದ ಸೊಪ್ಪಿಲ್ಲ, ಈ ಗುಂಪು ಕೆಡಿಸದ ಪದವಿಲ್ಲ.

*

ಇವರಿಂದ: ಹಳೆಯ ಮೇಷ್ಟರು

‘ಆಡು’ವಿನ ಶ್ಲೇಷೆ ಚೆನ್ನಾಗಿದೆ, ಮಣ್ಣುಗಾಲು ಅವರೇ. ಬೋರ್ಡಿಗೆ ಶ್ಲೇಷೆ ಸಲ್ಲದು, ದಾರಿಹೋಕನಿಗೆ ನಿಂತು ಬಿಡಿಸಲು ಸಮಯವಿರುವುದಿಲ್ಲ. ‘ಕೌಶಲ’ ಇರಲಿ ಎಂಬ ನನ್ನ ಮಾತಿಗೆ ಈಗಲೂ ಬದ್ಧ.

*

ಇವರಿಂದ: ತರ್ಜುಮೆಗಾರ್ತಿ

ಎಲ್ಲರಿಗೂ ವಂದನೆ. ಕೈಪಿಡಿಯಲ್ಲಿ ‘ಜೀವನ ಕೌಶಲ’ ಉಳಿಸಿಕೊಂಡಿದ್ದೇನೆ, ಮೇಷ್ಟರೇ, ದರ್ಭೆ ಇಲ್ಲದೆ. ‘ಆಟಾಧಾರಿತ’ವನ್ನು ಎಲ್ಲ ಕಡೆಯೂ ‘ಆಡುತ್ತ’ ಎಂದು ಬಿಡಿಸಿದೆ, ಬಹುಪಾಲು ವಾಕ್ಯಗಳು ಅರ್ಧಕ್ಕೆ ಇಳಿದವು. ‘ಸಹಭಾಗಿತ್ವ’ ಬಂದಲ್ಲೆಲ್ಲ ಮಗು ನಿಜವಾಗಿ ಏನು ಮಾಡುತ್ತದೆ ಎಂದು ನೋಡಿ ಹೇಳುತ್ತದೆ, ಕೇಳುತ್ತದೆ, ಆರಿಸುತ್ತದೆ, ಬೇಡವೆನ್ನುತ್ತದೆ ಎಂದು ಬರೆಯುತ್ತಿದ್ದೇನೆ. ಎರಡು ಕಡೆ ಏನೂ ಮಾಡುತ್ತಿರಲಿಲ್ಲ. ಸಂಪಾದಕರಿಗೆ ಪತ್ರ ಬರೆದಿದ್ದೇನೆ.

ಬೋರ್ಡಿನ ವಿಷಯ. ನಿಮ್ಮ ಪತ್ರಗಳಿಂದ ಎಂಟು ಸಾಲು ಆರಿಸಿಕೊಂಡು ಸಂಜೆ ಕೇಂದ್ರಕ್ಕೆ ಹೋಗಿ ಮಕ್ಕಳ ಮುಂದೆ ಓದಿದೆ. ಎಂಟೂ ಬಿದ್ದುಹೋದವು. ಸಹಭಾಗಿತ್ವ ಎಂದರೆ ಏನೆಂದು ಕೇಳಿದರು. ಇಲ್ಲಿ ಏನು ಆಡಬೇಕು, ಎಷ್ಟು ಹೊತ್ತಿಗೆ ಬಾಗಿಲು ತೆರೆಯಬೇಕು ಎಂಬುದನ್ನೆಲ್ಲ ನೀವೂ ಹೇಳಬಹುದು, ದೊಡ್ಡವರು ಕೇಳಲೇಬೇಕು ಎಂದು ವಿವರಿಸಿದೆ. ‘ಹಾಗಾದರೆ ಇಲ್ಲಿ ನಮ್ಮ ಮಾತೂ ನಡೆಯುತ್ತದೆ ಎಂದು ಬರೆಯಿರಿ’ ಎಂದಳು, ಅದೇ ಒಂಬತ್ತು ವರ್ಷದವಳು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದು ದಿನವೂ ಕೇಳುವ ಮಾತು ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

‘ಆಡುತ್ತ ಕಲಿಯುವ ಮನೆ. ಇಲ್ಲಿ ನಮ್ಮ ಮಾತೂ ನಡೆಯುತ್ತದೆ.’ ಇದನ್ನೇ ಬರೆದುಕೊಟ್ಟಿದ್ದೇನೆ.

*

ಇವರಿಂದ: ಹಳೆಯ ಮೇಷ್ಟರು

‘ಮಾತೂ’ ಎಂಬಲ್ಲಿರುವ ಊಕಾರ ಸಮುಚ್ಚಯಾರ್ಥಕ, ಅಂದರೆ ಇತರರ ಮಾತಿನ ಜೊತೆಗೆ ನಮ್ಮದೂ ಎಂದರ್ಥ. ಬೋರ್ಡು ಬರೆಯುವವರು ದೀರ್ಘ ನುಂಗುವುದರಲ್ಲಿ ನಿಸ್ಸೀಮರು. ಪಕ್ಕದಲ್ಲೇ ನಿಂತು ಬರೆಸಿ.

*

ಇವರಿಂದ: ಅಚ್ಚಗನ್ನಡ

ಹುಡುಗಿಯ ಸಾಲಿನಲ್ಲಿ ಒಂದೂ ಸಂಸ್ಕೃತ ನುಡಿ ಇಲ್ಲ ಎಂಬುದನ್ನು ಎಲ್ಲರೂ ಗಮನಿಸಬೇಕು.

*

ಇವರಿಂದ: ಕರಡು ತಿದ್ದುವವ

ಗಮನ ಸಂಸ್ಕೃತ.

*

ಇವರಿಂದ: ತರ್ಜುಮೆಗಾರ್ತಿ

ಮೇಷ್ಟರೇ, ನಿಮ್ಮ ಪತ್ರ ನೋಡುವ ಹೊತ್ತಿಗೆ ಬರೆದು ಮುಗಿದಿತ್ತು. ದೀರ್ಘ ಹೋಗಿದೆ. ಬೋರ್ಡಿನ ಮೇಲೆ ಈಗ ‘ಇಲ್ಲಿ ನಮ್ಮ ಮಾತು ನಡೆಯುತ್ತದೆ’ ಎಂದಿದೆ. ಬಣ್ಣ ಹಸಿಯಿರುವಾಗಲೇ ತಿದ್ದಿಸೋಣವೆಂದು ಏಣಿ ತರಿಸಿದೆ. ಮಕ್ಕಳು ಏಣಿಯ ಸುತ್ತ ನಿಂತು ಬೇಡವೆಂದರು. ಕೈ ಎತ್ತಿಸಿ ಎಣಿಸಿದೆವು: ತಿದ್ದಬೇಕೆಂದವರು ಇಬ್ಬರು, ಬೇಡವೆಂದವರು ಹದಿನೇಳು. ಏಣಿಯನ್ನು ಹಿಂದಕ್ಕೆ ಕಳುಹಿಸಿದ್ದೇನೆ.